ಕಿಯಾಂಗನ್ ಗದ್ದೆಗಳಿಗೆ ವಯಸ್ಸೆಷ್ಟು?

ಪ್ರಶ್ನೆ: ನನ್ನ ಮಗಳು ಫಿಲಿಪೀನ್ಸ್‌ನಲ್ಲಿ ವೈದ್ಯಕೀಯ ಓದುತ್ತಿದ್ದಾಳೆ. ಕಳೆದ ರಜೆಯಲ್ಲಿ ಸಹಪಾಠಿಗಳ ಜೊತೆ ಉತ್ತರದ ಬೆಟ್ಟಸೀಮೆಯ ಕಿಯಾಂಗನ್ ಎಂಬ ಊರಿಗೆ ಹೋಗಿ ಬಂದಳು. ಹೊಳೆಯ ದಡದಿಂದ ಗುಡ್ಡದ ನೆತ್ತಿಯವರೆಗೆ ಹತ್ತಿದ ಗದ್ದೆಗಳ ಫೋಟೊ ಕಳಿಸಿದ್ದಾಳೆ. ಜೊತೆಗಿದ್ದ ಮಾರ್ಗದರ್ಶಿ ‘ಎರಡು ಸಾವಿರ ವರ್ಷ ಹಳೆಯ ಗದ್ದೆ’ ಎಂದನಂತೆ. ಅವಳ ಅಧ್ಯಾಪಕರೊಬ್ಬರು ‘ನಾನೂರು ವರ್ಷವಾಗಿದ್ದರೆ ಹೆಚ್ಚು’ ಎಂದರಂತೆ. ಯಾವುದು ಸರಿ? ಅಂಥ ಕಡಿದಾದ ಜಾಗಕ್ಕೆ ಮೊದಲು ಹೋಗಿ ನೆಲೆಸಿದವರು ಯಾರು, ಯಾಕೆ ಹೋದರು? ನಾವೂ ಗದ್ದೆ ಮಾಡುವವರು, ಅದಕ್ಕೇ ಕೇಳುತ್ತಿದ್ದೇನೆ.
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಅಧ್ಯಾಪಕರ ಲೆಕ್ಕವೇ ಸತ್ಯಕ್ಕೆ ಹತ್ತಿರ. ಹಾಗೆಂದು ಮಾರ್ಗದರ್ಶಿಯನ್ನು ದೂರುವಂತಿಲ್ಲ. ಫಿಲಿಪೀನ್ಸ್‌ನ ಮಕ್ಕಳು ಶಾಲೆಯಲ್ಲಿ ಕಲಿಯುತ್ತ ಬಂದದ್ದೇ ಎರಡು ಸಾವಿರ ವರ್ಷದ ಲೆಕ್ಕ. ಪ್ರವಾಸದ ಕರಪತ್ರಗಳಲ್ಲಿ ಇಂದಿಗೂ ಅದೇ ಅಚ್ಚಾಗುತ್ತದೆ. ನಿಮ್ಮ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳು ಸೇರಿಕೊಂಡಿವೆ, ಮೊದಲು ಅವನ್ನು ಬಿಡಿಸಿಕೊಳ್ಳೋಣ. ಜನ ಅಲ್ಲಿಗೆ ಬಂದದ್ದು ಯಾವಾಗ ಎಂಬುದು ಒಂದು, ಗುಡ್ಡ ಕಡಿದು ಭತ್ತದ ಗದ್ದೆ ಮಾಡಿದ್ದು ಯಾವಾಗ ಎಂಬುದು ಇನ್ನೊಂದು. ಊರು ಸಾಕಷ್ಟು ಹಳೆಯದು. ಗದ್ದೆ ಅದಕ್ಕಿಂತ ಬಹಳ ಈಚಿನದು. ನೂರು ವರ್ಷಗಳ ಗೊಂದಲವೆಲ್ಲ ಇವೆರಡನ್ನೂ ಒಂದೇ ಎಂದುಕೊಂಡದ್ದರಿಂದ ಹುಟ್ಟಿತು.

ನೆಲದ ಲಕ್ಷಣ ತಿಳಿಯದೆ ಈ ಕಥೆ ಹಿಡಿತಕ್ಕೆ ಸಿಗುವುದಿಲ್ಲ. ಕಿಯಾಂಗನ್ ಇರುವುದು ಲುಜಾನ್ ದ್ವೀಪದ ಉತ್ತರ ಭಾಗದಲ್ಲಿ, ಇಫುಗಾವ್ ಪ್ರಾಂತ್ಯದಲ್ಲಿ. ಭೂಪಟದಲ್ಲಿ ನಮ್ಮ ವಿಜಯಪುರದಿಂದ ಪೂರ್ವಕ್ಕೆ ಒಂದು ಗೆರೆ ಎಳೆದರೆ ಅದು ಹೆಚ್ಚುಕಡಿಮೆ ಈ ಊರಿನ ಮೇಲೆಯೇ ಹಾದುಹೋಗುತ್ತದೆ. ಅಕ್ಷಾಂಶ ಒಂದೇ ಆದರೂ ನೆಲದಲ್ಲಿ ಅಜಗಜಾಂತರ. ಅಲ್ಲಿ ಪಶ್ಚಿಮಕ್ಕೆ ಕಾರ್ಡಿಲೆರಾ ಪರ್ವತಸಾಲು ಗೋಡೆಯಂತೆ ನಿಂತಿದೆ. ಲುಜಾನಿನ ಅತಿ ಎತ್ತರದ ಶಿಖರವಾದ 2,900 ಮೀಟರ್ ಮೀರಿದ ಪುಲಾಗ್ ಪರ್ವತ ಇರುವುದು ಪಕ್ಕದ ಟಿನೊಕ್‌ನ ಗಡಿಯಲ್ಲಿ. ಪೂರ್ವಕ್ಕೆ ನೆಲ ಇಳಿಯುತ್ತ ಹೋಗಿ ಮಗಾತ್ ನದಿಯ ವಿಶಾಲ ಬಯಲನ್ನು ಸೇರುತ್ತದೆ. ಕಿಯಾಂಗನ್ ಈ ಎರಡರ ನಡುವಿನ ಮೆಟ್ಟಿಲು. ಅದರೊಳಗೆ ಹರಿಯುವ ಇಬುಲಾವ್ ಹೊಳೆ ಮಗಾತ್‌ಗೆ ಕೂಡುತ್ತದೆ, ಮಗಾತ್ ಕಗಾಯಾನ್ ಮಹಾನದಿಗೆ, ಕಗಾಯಾನ್ ಉತ್ತರದ ಕಡಲಿಗೆ. ಈ ನೀರಿನ ದಾರಿಯನ್ನು ನೆನಪಿನಲ್ಲಿಟ್ಟುಕೊಳ್ಳಿ. ಜನ ಬಂದದ್ದೂ ಇದೇ ದಾರಿಯಲ್ಲಿ, ಅವರನ್ನು ಬೆನ್ನಟ್ಟಿದವರು ಬಂದದ್ದೂ ಇದೇ ದಾರಿಯಲ್ಲಿ.

ಆಡಳಿತದ ಮಾತಿನಲ್ಲಿ ಕಿಯಾಂಗನ್ ಒಂದು ‘ಮುನ್ಸಿಪಾಲಿಟಿ’. ಪದ ಕೇಳಿ ನಮ್ಮ ಪುರಸಭೆಯನ್ನು ಕಣ್ಣ ಮುಂದೆ ತಂದುಕೊಳ್ಳಬೇಡಿ. ಸುಮಾರು 200 ಚದರ ಕಿಲೋಮೀಟರಿನಲ್ಲಿ ಚೆಲ್ಲಿದ ಹಳ್ಳಿಗಳ ಗುಂಪು ಅದು, ನಮ್ಮ ಹೋಬಳಿಯಂತೆ. ಜನಸಂಖ್ಯೆ ಹದಿನೇಳು ಸಾವಿರದ ಆಸುಪಾಸು. ಅದರೊಳಗೆ 14 ಬರಂಗಾಯ್‌ಗಳಿವೆ. ಬರಂಗಾಯ್ ಎಂದರೆ ಗ್ರಾಮ. ಮೂಲದಲ್ಲಿ ಅದು ದೋಣಿಯ ಹೆಸರು, ಒಂದೇ ದೋಣಿಯಲ್ಲಿ ಬಂದಿಳಿದ ಕುಟುಂಬಗಳ ಕೂಟಕ್ಕೆ ಅದೇ ಹೆಸರು ನಿಂತಿತು ಎಂದು ಹೇಳುತ್ತಾರೆ. ಕಡಲನ್ನೇ ಕಾಣದ ಬೆಟ್ಟದ ಹಳ್ಳಿಗಳಿಗೂ ಸರ್ಕಾರ ದೋಣಿಯ ಹೆಸರನ್ನೇ ಅಂಟಿಸಿದೆ! ಅಲ್ಲಿನ ಜನ ತಮ್ಮನ್ನು ಕರೆದುಕೊಳ್ಳುವುದು ಇಫುಗಾವ್ ಎಂದು. ‘ಪುಗೊ’ ಎಂದರೆ ಗುಡ್ಡ, ‘ಇ’ ಎಂದರೆ ಅಲ್ಲಿಯವರು.

ಇನ್ನು ಗದ್ದೆ. ನೀವೂ ಬೇಸಾಯಗಾರರಾದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪಾಯೊ ಎಂದು ಅವರು ಕರೆಯುವ ಈ ಗದ್ದೆ ವರ್ಷವಿಡೀ ನೀರು ನಿಂತಿರುವ ಕೊಳದಂಥದು. ಕೊಯ್ಲಾದ ಮೇಲೂ ನೀರು ಬಸಿಯಲು ಬಿಡುವುದಿಲ್ಲ, ಏಕೆಂದರೆ ಮಣ್ಣು ಒಣಗಿ ಬಿರುಕು ಬಿಟ್ಟರೆ ಮುಂದಿನ ಮಳೆಗೆ ಕಟ್ಟೆಯೇ ಜಾರಿ ಕೆಳಗಿನ ಮಡಿಯ ಮೇಲೆ ಬೀಳುತ್ತದೆ. ಅದು ಅದರ ಕೆಳಗಿನದನ್ನು ಎಳೆದುಕೊಂಡು ಹೋಗುತ್ತದೆ. ಮೇಲಿನವನ ಸೋಮಾರಿತನಕ್ಕೆ ಕೆಳಗಿನವನು ದಂಡ ತೆರಬೇಕಾದ ವ್ಯವಸ್ಥೆ ಇದು. ಹಾಗಾಗಿ ನಾಟಿ, ಕೊಯ್ಲು, ಕಟ್ಟೆ ಕೆಲಸ ಯಾವುದೂ ಒಬ್ಬೊಬ್ಬರ ಪಾಡಲ್ಲ. ‘ಉಬ್ಬು’ ಎಂಬ ಪದ್ಧತಿಯಲ್ಲಿ ಇವತ್ತು ನಿಮ್ಮ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀವು. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ, ನಮ್ಮ ಮುಯ್ಯಾಳು ಇದೇ.

ಗದ್ದೆಯ ಸಾಲು ಮುಗಿದ ಮೇಲೆ ಗುಡ್ಡದ ತಲೆಯಲ್ಲಿ ಕಾಡು ಉಳಿಸಿರುತ್ತಾರೆ. ಅದಕ್ಕೆ ‘ಮುಯಾಂಗ್’ ಎಂದು ಹೆಸರು. ಊರೊಟ್ಟಿನ ಕಾಡಲ್ಲ, ಒಂದೊಂದು ಮನೆತನಕ್ಕೆ ಸೇರಿದ್ದು. ಸೌದೆ, ಮನೆಕಟ್ಟುವ ಮರ, ಬೆತ್ತ, ಹಣ್ಣು, ಔಷಧಿ ಎಲ್ಲ ಅಲ್ಲಿಂದ. ಎಲ್ಲಕ್ಕಿಂತ ಮುಖ್ಯವಾಗಿ ನೀರು ಅಲ್ಲಿಂದ. ಮಳೆಯನ್ನು ಹೀರಿ, ಬೇಸಿಗೆಯಲ್ಲೂ ಒರತೆಯಾಗಿ ಒಸರಿಸುವುದು ಆ ಕಾಡೇ. ನಮ್ಮ ಉತ್ತರ ಕನ್ನಡದ ಅಡಿಕೆ ತೋಟಕ್ಕೆ ಸೊಪ್ಪಿನಬೆಟ್ಟ ಹೇಗೋ ಅವರ ಗದ್ದೆಗೆ ಮುಯಾಂಗ್ ಹಾಗೆ, ಆದರೆ ಸೊಪ್ಪಿಗಿಂತ ನೀರಿನ ಲೆಕ್ಕದಲ್ಲಿ. ಗದ್ದೆಯನ್ನೂ ಅದರ ಮೇಲಿನ ಕಾಡನ್ನೂ ಬೇರೆ ಮಾಡಿದರೆ ಎರಡೂ ಹಾಳು. ಆಸ್ತಿಯ ಮುಖ್ಯ ಪಾಲು ಹೋಗುವುದು ಚೊಚ್ಚಲು ಮಗುವಿಗೆ, ಗಂಡಾಗಲಿ ಹೆಣ್ಣಾಗಲಿ. ಹೋಳು ಹೋಳಾದರೆ ನೀರಿನ ಲೆಕ್ಕ ತಪ್ಪುತ್ತದೆಂಬ ಎಚ್ಚರವೂ ಇದರ ಹಿಂದೆ ಇದ್ದೀತು ಎಂದು ನನ್ನ ಊಹೆ.

ಅಲ್ಲಿ ಬೆಳೆಯುವ ಸಾಂಪ್ರದಾಯಿಕ ಭತ್ತಕ್ಕೆ ‘ಟಿನಾವೊನ್’ ಎನ್ನುತ್ತಾರೆ, ಅಂದರೆ ವರ್ಷಕ್ಕೊಮ್ಮೆಯದು. ಚಳಿಯಲ್ಲಿ ನಿಧಾನವಾಗಿ ಬೆಳೆಯುವ ತಳಿ. ವರ್ಷದ ಕೊನೆಗೆ ಅಗೆ ಹಾಕಿ, ಹೊಸ ವರ್ಷದ ಮೊದಲ ತಿಂಗಳುಗಳಲ್ಲಿ ನಾಟಿ ಮಾಡಿ, ಜೂನ್–ಜುಲೈ ಹೊತ್ತಿಗೆ ಕೊಯ್ಯುತ್ತಾರೆ.

ಈಗ ಎರಡು ಸಾವಿರ ವರ್ಷದ ಮಾತು ಎಲ್ಲಿಂದ ಬಂತು ಎಂದು ನೋಡೋಣ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಅಮೆರಿಕನ್ನರ ಆಳ್ವಿಕೆಯಲ್ಲಿ, ಹೆನ್ರಿ ಓಟ್ಲಿ ಬೇಯರ್ ಎಂಬ ಮಾನವಶಾಸ್ತ್ರಜ್ಞ ಇಫುಗಾವ್‌ಗೆ ಬಂದು ಅಲ್ಲಿಯ ಹೆಣ್ಣುಮಗಳನ್ನೇ ಮದುವೆಯಾದ. ಅದೇ ಕಾಲದಲ್ಲಿ ರಾಯ್ ಬಾರ್ಟನ್ ಎಂಬಾತ ಕಿಯಾಂಗನ್‌ನಲ್ಲಿ ಶಾಲಾ ಮಾಸ್ತರನಾಗಿದ್ದುಕೊಂಡು ಇಫುಗಾವ್ ಜನರ ನ್ಯಾಯಪದ್ಧತಿಯನ್ನು ಬರೆದಿಟ್ಟ. ಇಬ್ಬರೂ ಜನರ ಜೊತೆ ಬಾಳಿ ಬರೆದವರು, ಅವರ ಶ್ರದ್ಧೆಯ ಬಗ್ಗೆ ನನಗೆ ಗೌರವವಿದೆ. ಆದರೆ ಗದ್ದೆಗಳ ವಯಸ್ಸಿನ ವಿಚಾರದಲ್ಲಿ ಅವರು ಮಾಡಿದ್ದು ಅಂದಾಜು. ಇಷ್ಟೊಂದು ಗುಡ್ಡಗಳನ್ನು ಬರಿಗೈಯಲ್ಲಿ, ಮರದ ಗುದ್ದಲಿಯಲ್ಲಿ ಕಡಿಯಲು ಎಷ್ಟು ಕಾಲ ಬೇಕಾದೀತು? ಎರಡೋ ಮೂರೋ ಸಾವಿರ ವರ್ಷ ಬೇಕಾದೀತು. ಹಾಗಿದ್ದರೆ ಅಷ್ಟು ಹಳೆಯದು. ಇಷ್ಟೇ ವಾದ. ಮಣ್ಣಿನಿಂದ ಬಂದ ಪುರಾವೆ ಅದರಲ್ಲಿ ಇರಲಿಲ್ಲ. ಜೊತೆಗೆ, ಗದ್ದೆ ಕಲೆಯನ್ನು ಹೊರಗಿನಿಂದ ವಲಸೆಯ ಅಲೆಯೊಂದು ಹೊತ್ತು ತಂದಿತು ಎಂಬ ಬೇಯರ್‌ನ ಸಿದ್ಧಾಂತಕ್ಕೂ ಆ ಲೆಕ್ಕ ಹೊಂದಿಕೊಳ್ಳುತ್ತಿತ್ತು.

ಅಂದಾಜು ಅಚ್ಚಾಯಿತು, ಅಚ್ಚಾದದ್ದು ಪಾಠವಾಯಿತು. ಸ್ಪೇನಿನವರು ಬರುವ ಮುಂಚೆ ತಮ್ಮದೇ ನಾಗರಿಕತೆಯಿತ್ತು ಎಂದು ತೋರಿಸಲು ಹೊಸ ರಾಷ್ಟ್ರಕ್ಕೆ ಒಂದು ಗುರುತು ಬೇಕಿತ್ತು. ಇಫುಗಾವ್‌ನದೇ ಇನ್ನೊಂದು ಊರಾದ ಬನಾವೆಯ ಗದ್ದೆಗಳು ಇಪ್ಪತ್ತು ಪೆಸೊ ನೋಟಿನ ಬೆನ್ನ ಮೇಲೂ ಬಂದವು. ‘ಜಗತ್ತಿನ ಎಂಟನೆಯ ಅದ್ಭುತ’ ಎಂಬ ಬಿರುದೂ, ತುದಿಗೆ ತುದಿ ಜೋಡಿಸಿದರೆ ಅರ್ಧ ಭೂಮಿಯನ್ನು ಸುತ್ತುತ್ತವೆ ಎಂಬ ಮಾತೂ ಜೊತೆಗೂಡಿದವು. ಯಾರು ಜೋಡಿಸಿ ನೋಡಿದರೋ!

ಅನುಮಾನ ಪಟ್ಟವರು ಇರಲಿಲ್ಲವೆಂದಲ್ಲ. 1960ರ ದಶಕದಲ್ಲಿ ಫೆಲಿಕ್ಸ್ ಕೀಸಿಂಗ್ ಸ್ಪೇನಿನ ಪಾದ್ರಿಗಳ ಹಳೆಯ ಕಾಗದಪತ್ರಗಳನ್ನು ಕೂಡಿಸಿ ಓದಿ, ಮಗಾತ್ ಬಯಲಿನ ಜನ ಸ್ಪೇನಿನವರಿಂದ ತಪ್ಪಿಸಿಕೊಳ್ಳಲು ಬೆಟ್ಟ ಹತ್ತಿದ ಮೇಲೆ ಗದ್ದೆಗಳಾದವು ಎಂದ. ದಶಕಗಳ ಕಾಲ ಇಫುಗಾವ್‌ನಲ್ಲಿದ್ದ ಬೆಲ್ಜಿಯಂನ ಪಾದ್ರಿ ಫ್ರಾನ್ಸಿಸ್ ಲಾಂಬ್ರೆಕ್ಟ್ ಬೇರೆಯೇ ದಾರಿ ಹಿಡಿದ. ಕೊಯ್ಲಿನಲ್ಲಿ, ಸಾವಿನ ಮನೆಯ ಜಾಗರಣೆಯಲ್ಲಿ ಹೆಂಗಸರು ಹಾಡುವ ‘ಹುಡ್‌ಹುಡ್’ ಎಂಬ ದೀರ್ಘ ಕಥನಗೀತೆಗಳಿವೆ, ಅಲಿಗುಯೊನ್ ಎಂಬ ವೀರನ ಕಥೆ ಅವುಗಳಲ್ಲಿ ಪ್ರಸಿದ್ಧ. ಆ ಹಾಡುಗಳ ಭಾಷೆಯನ್ನು ಕೆದಕಿ, ಗದ್ದೆಗಳಿಗೆ ಅಂಥ ದೊಡ್ಡ ವಯಸ್ಸು ಇಲ್ಲ ಎಂಬ ತೀರ್ಮಾನಕ್ಕೆ ಅವನೂ ಬಂದ. ಒಬ್ಬ ಕಾಗದ ಓದಿ, ಇನ್ನೊಬ್ಬ ಹಾಡು ಕೇಳಿ ಒಂದೇ ಕಡೆ ಬಂದು ನಿಂತರು. ಆದರೂ ಕರಪತ್ರ ಬದಲಾಗಲಿಲ್ಲ.

ಕೊನೆಗೆ ಮಣ್ಣನ್ನೇ ಕೇಳಬೇಕಾಯಿತು. ಗದ್ದೆಯನ್ನು ಹಿಡಿದು ನಿಲ್ಲಿಸಿದ ಕಲ್ಲಿನ ಗೋಡೆಯ ವಯಸ್ಸನ್ನು ಅಳೆಯುವುದು ನೀವೆಂದುಕೊಂಡಷ್ಟು ಸುಲಭವಲ್ಲ. ಅಳೆಯುವುದು ಇದ್ದಿಲನ್ನು; ಅದರೊಳಗಿನ ವಿಕಿರಣಶೀಲ ಇಂಗಾಲ ಎಷ್ಟು ಕರಗಿದೆ ಎಂಬುದರ ಮೇಲೆ ಮರ ಬೆಳೆದು ನಿಂತ ಕಾಲ ತಿಳಿಯುತ್ತದೆ. ಆದರೆ ಗದ್ದೆಗೆ ತುಂಬಿದ ಮಣ್ಣು ಬೇರೆ ಕಡೆಯಿಂದ ಕೊಚ್ಚಿ ಬಂದದ್ದು. ಅದರಲ್ಲಿನ ಇದ್ದಿಲು ಎಂದೋ ಯಾರೋ ಗುಡ್ಡಕ್ಕೆ ಬೆಂಕಿ ಹಾಕಿದಾಗಿನದಿರಬಹುದು. ಅದನ್ನು ನಂಬಿದರೆ ಗೋಡೆ ತನಗಿಲ್ಲದ ಮುಪ್ಪನ್ನು ಹೊತ್ತುಕೊಳ್ಳುತ್ತದೆ. ಫಿಲಿಪೀನ್ಸ್ ಮೂಲದ ಪುರಾತತ್ವಜ್ಞ ಸ್ಟೀಫನ್ ಅಕಬಾಡೊ ಬನಾವೆ ಬಳಿಯ ಬೋಕೋಸ್ ಗದ್ದೆಗಳಲ್ಲಿ ಮಾಡಿದ್ದು ಈ ತೊಡಕನ್ನು ಬಿಡಿಸುವ ಕೆಲಸ. ಗೋಡೆಯ ಬುಡದ ಕಲ್ಲಿನ ಕೆಳಗೆ ಸಿಕ್ಕ ಇದ್ದಿಲು ಗೋಡೆಗಿಂತ ಹಳೆಯದೇ ಆಗಬೇಕು. ಗದ್ದೆಯಾದ ಮೇಲೆ ಪದರ ಪದರವಾಗಿ ಕೂತ ಕೆಸರಿನಲ್ಲಿನದು ಗೋಡೆಗಿಂತ ಈಚಿನದಿರಬೇಕು. ಪದರಗಳ ಈ ಹಿಂದುಮುಂದನ್ನು ಸಂಭಾವ್ಯತೆಯ ಗಣಿತಕ್ಕೆ ಸೇರಿಸಿ, ಗೋಡೆ ಎದ್ದ ಕಾಲವನ್ನು ಎರಡೂ ಕಡೆಯಿಂದ ಅಮುಕುತ್ತ ಬಂದ. 2009ರಲ್ಲಿ ಪ್ರಕಟವಾದ ಅವನ ಫಲಿತಾಂಶ: ಗದ್ದೆಗಳು ವಿಸ್ತಾರವಾಗಿ ಹರಡಿದ್ದು ಸ್ಪೇನಿನವರು ಬಂದ ಮೇಲೆ, ಸುಮಾರು 1600ರಿಂದ ಈಚೆಗೆ.

ಮುಂದಿನ ಅಗೆತ ನಿಮ್ಮ ಮಗಳು ಹೋಗಿದ್ದ ಕಿಯಾಂಗನ್‌ನಲ್ಲೇ ಆಯಿತು. 2012ರಿಂದ ಅಕಬಾಡೊ, ಫಿಲಿಪೀನ್ಸ್ ವಿಶ್ವವಿದ್ಯಾಲಯ, ಅಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಮತ್ತು ಗದ್ದೆ ಉಳಿಸಲು ಇಫುಗಾವ್ ಜನರೇ ಕಟ್ಟಿಕೊಂಡ ಸಂಘಟನೆ ಸೇರಿ ‘ಹಳೆ ಕಿಯ್ಯಾಂಗನ್’ ಎಂಬ ನೆಲೆಯನ್ನು ಅಗೆದರು. ಈಗಿನ ಪೇಟೆ ಇರುವಲ್ಲಿ ಅಲ್ಲ ಅದು, ಇಬುಲಾವ್ ಹೊಳೆಯ ಮಗ್ಗುಲಿನ ಸಮತಟ್ಟು ನೆಲದಲ್ಲಿ. ಇಫುಗಾವ್ ಜನರ ಪುರಾಣದಲ್ಲಿ ಭೂಮಿಯ ಮೊದಲ ಊರು ಇದೇ. ಅಲ್ಲಿ ಸಿಕ್ಕಿದ್ದನ್ನು ನೋಡಿ: ಮನೆಗಳಿದ್ದ ನೆಲಗಟ್ಟು, ಒಲೆಯ ಬೂದಿ, ತಿಂದು ಎಸೆದ ಜಿಂಕೆ ಮತ್ತು ಹಂದಿಯ ಮೂಳೆ, ಗಾಜಿನ ಮಣಿ, ಚೀನಾದಿಂದಲೂ ಆಗ್ನೇಯ ಏಷ್ಯಾದಿಂದಲೂ ಕೈದಾಟಿ ಬಂದ ಪಿಂಗಾಣಿ ಚೂರು. ವಾಸದ ನೆಲದ ಅಡಿಯಲ್ಲೇ ಮಣ್ಣಿನ ಗಡಿಗೆಗಳು, ಅವುಗಳೊಳಗೆ ಹಸುಗೂಸುಗಳ ಎಲುಬು. ಸತ್ತ ಕೂಸನ್ನು ಊರಾಚೆ ಬಿಡಲು ಮನಸ್ಸಾಗದೆ ಮನೆಯ ಬುಡದಲ್ಲೇ ಹುಗಿದಿದ್ದರು. ಈ ನೆಲೆಯಲ್ಲಿ ಸುಮಾರು ಸಾವಿರ ವರ್ಷದ ಹಿಂದೆಯೇ ಜನವಸತಿ ಇತ್ತು. ಊರಿನ ವಯಸ್ಸಿನ ಮಾತು ಅಲ್ಲಿಗೆ ಬಗೆಹರಿಯಿತು.

ಆದರೆ ಆ ಹಳೆಯ ಪದರಗಳಲ್ಲಿ ಭತ್ತ ಇಲ್ಲ. ಭತ್ತದ ಗಿಡ ಕೊಳೆತರೂ ಅದರ ಎಲೆ, ಹೊಟ್ಟಿನಲ್ಲಿನ ಸಿಲಿಕಾ ಕಣಗಳು ಮಣ್ಣಿನಲ್ಲಿ ಉಳಿಯುತ್ತವೆ, ಇದ್ದಿದ್ದರೆ ಕಾಣಬೇಕಿತ್ತು. ಬದಲಿಗೆ ಸಿಕ್ಕಿದ್ದು ಕೆಸುವಿನ ಗಡ್ಡೆಯ ಪಿಷ್ಟದ ಕುರುಹು. ನಾವು ಪತ್ರೊಡೆಗೆ ಎಲೆ ಕೊಯ್ಯುವ ಅದೇ ಕೆಸು ಅವರ ಹೊಟ್ಟೆ ತುಂಬಿಸುತ್ತಿತ್ತು. ಹದಿನೇಳನೆಯ ಶತಮಾನಕ್ಕೆ ಬಂದರೆ ಚಿತ್ರವೇ ಬದಲು: ಭತ್ತ ಕಾಣಿಸಿಕೊಳ್ಳುತ್ತದೆ, ಜಿಂಕೆಯ ಮೂಳೆ ಕಡಿಮೆಯಾಗಿ ಸಾಕುಹಂದಿಯದು ಹೆಚ್ಚುತ್ತದೆ, ದೂರದ ಸಾಮಾನು ಹೆಚ್ಚು ಬರತೊಡಗುತ್ತದೆ. ಒಂದು ಊರು ಇದ್ದ ಜಾಗದಲ್ಲೇ ತನ್ನ ಬದುಕಿನ ಬಗೆಯನ್ನು ಬದಲಿಸಿಕೊಂಡದ್ದನ್ನು ಅಂಗೈ ಅಗಲದ ಮಣ್ಣಿನಲ್ಲಿ ಓದಬಹುದು.

ಯಾಕೆ ಬದಲಾಯಿತು? ಸ್ಪೇನಿನವರು ಮನಿಲಾವನ್ನು ತಮ್ಮ ರಾಜಧಾನಿ ಮಾಡಿಕೊಂಡದ್ದು 1571ರಲ್ಲಿ. 1591ರಲ್ಲಿ ಲೂಯಿಸ್ ಪೆರೆಸ್ ದಸ್ಮರಿನ್ಯಾಸ್ ಸೈನ್ಯ ಕಟ್ಟಿಕೊಂಡು ಮಗಾತ್ ಕಣಿವೆಯ ದಿಕ್ಕಿನಲ್ಲಿ ಬಂದ. ಬಂದವರ ಆಡಳಿತದ ರೀತಿ ಒಂದೇ: ಚೆಲ್ಲಾಡಿದ ಜನರನ್ನು ಇಗರ್ಜಿಯ ಗಂಟೆ ಕೇಳಿಸುವಷ್ಟು ಹತ್ತಿರಕ್ಕೆ ಒಟ್ಟುಗೂಡಿಸುವುದು, ದೀಕ್ಷೆ ಕೊಡುವುದು, ಕಂದಾಯ ಎತ್ತುವುದು, ಬಿಟ್ಟಿ ದುಡಿಸುವುದು. ಒಲ್ಲದವರಿಗೆ ಇದ್ದ ದಾರಿ ಹೊಳೆಗಳ ಜಾಡು ಹಿಡಿದು ಮೇಲೆ ಹೋಗುವುದು. ಅವರು ಹತ್ತಿದ್ದು ಬರಿಯ ಕಾಡಿಗಲ್ಲ, ಕೆಸು ಬೆಳೆದುಕೊಂಡಿದ್ದ ಕಿಯ್ಯಾಂಗನ್‌ನಂಥ ಊರುಗಳಿದ್ದ ಸೀಮೆಗೆ.

ನನಗೆ ಬಹಳ ಹಿಡಿಸಿದ ಸಂಗತಿ ಇಲ್ಲಿದೆ. ಅರಸೊತ್ತಿಗೆಯಿಂದ ತಪ್ಪಿಸಿಕೊಂಡು ಬೆಟ್ಟ ಸೇರಿದವರು ಗದ್ದೆ ಬಿಟ್ಟು ಕುಮರಿ ಬೇಸಾಯಕ್ಕೆ ಇಳಿಯುತ್ತಾರೆ, ಹಿಡಿಯಲು ಸಿಗದಂತೆ ಚದುರಿ ಅಲೆಯುತ್ತಾರೆ ಎಂಬುದು ಆಗ್ನೇಯ ಏಷ್ಯಾದ ಬೆಟ್ಟಗಳ ಬಗ್ಗೆ ಪ್ರಚಲಿತವಾದ ವಾದ. ಇಫುಗಾವ್ ಜನ ಅದಕ್ಕೆ ತದ್ವಿರುದ್ಧ ಮಾಡಿದರು. ಬಂದವರ ಬಾಯಿಗೆ ಅನ್ನ, ಇದ್ದವರ ಕೈಗೆ ಆಳು, ಶತ್ರು ಬಂದರೆ ಒಟ್ಟಾಗಿ ನಿಲ್ಲುವ ಕೂಟ ಮೂರೂ ಬೇಕಿತ್ತು. ಗದ್ದೆ ಮೂರನ್ನೂ ಕೊಟ್ಟಿತು ಎಂಬುದು ಅಕಬಾಡೊ ವಾದ. ಗುಡ್ಡವನ್ನು ಬರಿಗೈಯಲ್ಲಿ ಕಡಿಯಲು ಸಾವಿರಾರು ವರ್ಷ ಬೇಕೆಂದು ಬೇಯರ್ ಎಣಿಸುವಾಗ ಈ ಜನಬಲವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಮುಯ್ಯಾಳಿಗೆ ಊರಿಗೆ ಊರೇ ಇಳಿದರೆ ಏಳೆಂಟು ತಲೆಮಾರು ಸಾಕು.

ಅನ್ನಕ್ಕೆ ಪ್ರತಿಷ್ಠೆಯೂ ಅಂಟಿಕೊಂಡಿತು. ಗದ್ದೆಯುಳ್ಳ ಸಿರಿವಂತನಿಗೆ ‘ಕಡಂಗ್ಯಾನ್’ ಎಂಬ ಪದವಿ. ಅವನು ಊರಿಗೆಲ್ಲ ಉಣಿಸಿ, ಒಂದೇ ಮರದಿಂದ ಕಡೆದ ‘ಹಗಬಿ’ ಎಂಬ ಭಾರಿ ಮಂಚಪೀಠವನ್ನು ಮನೆಯ ಮುಂದೆ ತಂದಿರಿಸಿಕೊಳ್ಳಬೇಕು. ಬಡವರು ತಿನ್ನುತ್ತಿದ್ದದ್ದು ಗೆಣಸು. ತಮಾಷೆಯೆಂದರೆ ಗೆಣಸನ್ನು ಅಮೆರಿಕ ಖಂಡದಿಂದ ಈ ದ್ವೀಪಗಳಿಗೆ ತಂದವರು, ಇವರು ಯಾರಿಂದ ಓಡಿಬಂದರೋ ಅದೇ ಸ್ಪೇನಿನವರು.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಹಳೆ ಕಿಯ್ಯಾಂಗನ್ ಹತ್ತೊಂಬತ್ತನೆಯ ಶತಮಾನದಲ್ಲಿ ಬರಿದಾಯಿತು. ಸ್ಪೇನಿನ ಸೈನ್ಯದ ದಾಳಿಗಳು ಬೆಟ್ಟದೊಳಕ್ಕೂ ಬಂದ ಕಾಲ ಅದು. ಅಮೆರಿಕನ್ನರು 1908ರಲ್ಲಿ ಪರ್ವತ ಪ್ರಾಂತ್ಯವನ್ನು ರಚಿಸಿ ಇಫುಗಾವನ್ನು ಅದರ ಭಾಗ ಮಾಡಿದಾಗ ಕಿಯಾಂಗನ್ ಇಫುಗಾವ್‌ನ ಕೇಂದ್ರವಾಯಿತು. 1945ರ ಸೆಪ್ಟೆಂಬರ್ 2ರಂದು ಜಪಾನಿನ ಸೇನಾನಿ ಯಮಾಶಿತ ಬೆಟ್ಟದಿಂದ ಇಳಿದು ಬಂದು ಶರಣಾದದ್ದು ಈ ಊರಿನಲ್ಲೇ, ಮಾರನೆಯ ದಿನ ಬಾಗಿಯೊದಲ್ಲಿ ರುಜು ಹಾಕಿದ. 1966ರಲ್ಲಿ ಇಫುಗಾವ್ ಪ್ರತ್ಯೇಕ ಪ್ರಾಂತ್ಯವಾಯಿತು, ರಾಜಧಾನಿ ಪಕ್ಕದ ಲಗಾವೆಯಲ್ಲಿದೆ. 1992ರಲ್ಲಿ ದಕ್ಷಿಣದ ಒಂದು ತುಂಡು ಕಳಚಿ ಅಸಿಪುಲೊ ಎಂಬ ಬೇರೆ ಮುನ್ಸಿಪಾಲಿಟಿಯಾಯಿತು.

ಈ ಹೊಸ ಲೆಕ್ಕವನ್ನು ಎಲ್ಲರೂ ಒಪ್ಪಿದ್ದಾರೆಂದು ತಿಳಿಯಬೇಡಿ. ಭತ್ತಕ್ಕೆ ಮುಂಚೆ ಕೆಸುವಿಗಾಗಿ ಸಣ್ಣ ಮಡಿಗಳು ಇದ್ದಿರಬಹುದು, ಅವೇ ಆಮೇಲೆ ಅಗಲವಾಗಿ ಭತ್ತದ ಗದ್ದೆಯಾಗಿರಬಹುದು. ಇಫುಗಾವ್‌ನಲ್ಲೇ ಕೆಲವರಿಗೆ ಇದರಿಂದ ನೋವಾಗಿದೆ, ತಮ್ಮ ಹಿರಿಯರ ಕೀರ್ತಿಯಿಂದ ಸಾವಿರದಾರುನೂರು ವರ್ಷ ಕಿತ್ತುಕೊಂಡಂತೆ ಅನ್ನಿಸಿದೆ. ಅವರ ಸ್ವಂತ ಕಥೆಯಲ್ಲಿ, ಮಹಾಪ್ರಳಯದಲ್ಲಿ ಉಳಿದ ವಿಗನ್ ಮತ್ತು ಬುಗನ್ ಎಂಬ ಅಣ್ಣತಂಗಿಯರು ಎರಡು ಬೆಟ್ಟಗಳ ತುದಿಯಿಂದ ಹುಡುಕಿಕೊಂಡು ಬಂದು ಕೂಡಿದರು, ಜನ ಅವರಿಂದ ಹುಟ್ಟಿದರು. ಕಥೆಗೆ ಇಸವಿ ಬೇಕಾಗಿಲ್ಲ. ಇಸವಿ ಹಚ್ಚಿದ್ದು ಹೊರಗಿನವರು, ಅದೂ ತಪ್ಪಾಗಿ.

ನಿಮ್ಮ ಮಗಳು ಮತ್ತೆ ಹೋಗುವುದಾದರೆ ಜೂನ್ ಕೊನೆಗೆ, ಕೊಯ್ಲಿನ ಹೊತ್ತಿಗೆ ಹೋಗಲಿ. ಎಲ್ಲರೂ ಬನಾವೆ ಪೇಟೆಯ ಮೇಲಿನ ದಿಬ್ಬದಲ್ಲಿ ನಿಂತು ಫೋಟೊ ತೆಗೆದುಕೊಂಡು ಬರುತ್ತಾರೆ. ಆದರೆ 1995ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಐದು ಗದ್ದೆಸಮೂಹಗಳಲ್ಲಿ ಆ ನೋಟ ಸೇರಿಲ್ಲ. ಸೇರಿದವು ಬಟಾಡ್, ಬಂಗಾನ್, ಮಯೋಯಾವ್, ಹುಂಗ್ದುವಾನ್ ಮತ್ತು ಕಿಯಾಂಗನ್‌ನ ನಗಕಾಡಾನ್. ನೀರಿನ ಕಾಲುವೆ, ಕಟ್ಟೆಗಳು ಹಾಳಾಗುತ್ತಿವೆಯೆಂದು 2001ರಲ್ಲಿ ಅಪಾಯದ ಪಟ್ಟಿಗೂ ಸೇರಿ, 2012ರಲ್ಲಿ ಅದರಿಂದ ಹೊರಬಂದವು. ನಗಕಾಡಾನ್‌ನಲ್ಲಿ ನಡುವೆ ಹೊಳೆ, ಎರಡೂ ಮಗ್ಗುಲಿಗೆ ಏರುವ ಗದ್ದೆಯ ಸಾಲು. ಅಲ್ಲೊಂದು ಹಳೆಯ ‘ಬಾಲೆ’, ಅಂದರೆ ಇಫುಗಾವ್ ಮನೆ, ಸಿಕ್ಕರೆ ಅದರ ಕೆಳಗೆ ಬಗ್ಗಿ ನೋಡಲು ಹೇಳಿ. ನಾಲ್ಕೇ ಕಂಬದ ಮೇಲೆ ನಿಂತ ಒಂದೇ ಕೋಣೆಯ ಮನೆ ಅದು, ಒಂದು ಮೊಳೆಯೂ ಇಲ್ಲ. ಪ್ರತಿ ಕಂಬದ ಮೇಲ್ತುದಿಗೆ ಗಾಣದ ಚಕ್ರದಂಥ ದುಂಡನೆಯ ಮರದ ಬಿಲ್ಲೆ ಸಿಕ್ಕಿಸಿರುತ್ತಾರೆ, ಇಲಿ ಹತ್ತದಿರಲೆಂದು. ಮೇಲಿಟ್ಟದ್ದು ಭತ್ತ.